ಉಳಿ, ಬಾಚಿ, ಸಾಣೆಕಲ್ಲು: ನಮ್ಮೂರ ಬಡಿಗತನದ ಕಥೆ

ನಂದಗಡ ಅಂದ ಕೂಡಲೇ ನಾಡಿಗೆ ನೆನಪಾಗುವವನು 1831ರಲ್ಲಿ ಇಲ್ಲಿ ಗಲ್ಲಿಗೇರಿದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಅದು ನಮ್ಮೆಲ್ಲರ ಅಭಿಮಾನದ ಮಾತು. ಅದರ ಜೊತೆಗೇ ನೇಗಿಲು ಕೆತ್ತಿದವರು, ಗಾಲಿ ಕಟ್ಟಿದವರು, ಬಾಗಿಲು ಕೂಡಿಸಿದವರು ಈ ಊರನ್ನು ನಡೆಸಿದ್ದಾರೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಸುಬಿನ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಬರೆದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಖಾನಾಪುರ ತಾಲೂಕಿಗೆ ಒಂದು ಮಗ್ಗುಲು ಸಹ್ಯಾದ್ರಿಯ ಅಡವಿ, ಇನ್ನೊಂದು ಮಗ್ಗುಲು ಭತ್ತದ ಗದ್ದೆ. ಸಾಗವಾನಿ, ಮತ್ತಿ, ಹೊನ್ನೆ, ನಂದಿ, ಜಂಬೆ ನಮ್ಮ ಅಡವಿಯ ಮರಗಳು. ಯಾವುದಕ್ಕೆ ಯಾವ ಕಟ್ಟಿಗೆ ಅನ್ನುವುದು ಬಡಿಗನಿಗೆ ಬಾಯಿಪಾಠ. ಸಾಗವಾನಿಯೊಳಗೆ ಎಣ್ಣೆಯ ಅಂಶವಿದೆ, ಗೆದ್ದಲು ಬೇಗ ಹತ್ತುವುದಿಲ್ಲ, ಸೊಟ್ಟ ಆಗುವುದೂ ಕಡಿಮೆ. ಹಾಗಾಗಿ ಬಾಗಿಲು ಚೌಕಟ್ಟಿಗೆ ಅದು. ತೊಲೆ ಕಂಬಕ್ಕೆ ಮತ್ತಿ. ಏಟು ತಾಳಬೇಕಾದ ನೇಗಿಲಿಗೂ ಗಾಲಿಯ ಗುಂಭಕ್ಕೂ ಬಯಲು ಸೀಮೆಯ ಜಾಲಿ.

ಆಗ ಬಡಿಗ, ಕಂಬಾರ, ಕುಂಬಾರ ಮೊದಲಾದವರು ಊರಿನ ಆಯಗಾರರು. ಮರಾಠಿಯಲ್ಲಿ ಇವರಿಗೇ ಬಲುತೇದಾರರು ಅಂತಾರೆ. ವರ್ಷವಿಡೀ ಬಡಿಗ ರೈತನ ಕುಂಟೆ, ಕೂರಿಗೆ, ನೊಗ ದುರಸ್ತಿ ಮಾಡುತ್ತಿದ್ದ. ರಾಶಿಯ ಹೊತ್ತಿಗೆ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ತರುತ್ತಿದ್ದ. ರೊಕ್ಕ ಕೈಗೆ ಸಿಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಇದೂ ಒಂದು ಬಗೆಯ ಸಹಕಾರವೇ. ಆದರೆ ಅದರ ಕೊರತೆಯನ್ನೂ ಹೇಳಬೇಕು. ಮಳೆ ಕೈಕೊಟ್ಟ ವರ್ಷ ರೈತನ ಜೊತೆ ಬಡಿಗನ ಮಡಕೆಯೂ ಬರಿದು. ಕಸುಬು ಜಾತಿಗೆ ಅಂಟಿಕೊಂಡಿತ್ತು. ಕೂಲಿ ಹೆಚ್ಚು ಮಾಡಿ ಅಂತ ಕೇಳುವ ದಾರಿ ಸುಲಭವಿರಲಿಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಮೊದಲ ಸಹಕಾರ ಸಂಘ ಹುಟ್ಟಿದ್ದು ಇಂಥ ಹಂಗನ್ನು ಕಡಿಮೆ ಮಾಡಲಿಕ್ಕೇ.

ಇನ್ನು ಕೆಲಸದ ರೀತಿ. ನಮ್ಮ ಹಳೆಯ ಬಡಿಗ ಕುಳಿತು ದುಡಿಯುವವನು. ನೆಲದ ಮೇಲೊಂದು ಗಟ್ಟಿ ಕಟ್ಟಿಗೆಯ ದಿಮ್ಮಿ, ಅದೇ ಅವನ ಮೇಜು. ಕಾಲಿನ ಹಿಮ್ಮಡಿ, ಬೆರಳುಗಳೇ ಅವನ ಇಕ್ಕಳ. ಬಾಚಿಯ ಕೆಲಸಕ್ಕೆ ಇದು ತಕ್ಕದ್ದು. ಮೇಲಾಗಿ ಚೀಲ ಹೆಗಲಿಗೇರಿಸಿ ಯಾರ ಅಂಗಳದಲ್ಲಾದರೂ ಕೂರಬಹುದು. ನಿಂತು ಮಾಡುವ ಎತ್ತರದ ಮೇಜು, ಕಬ್ಬಿಣದ ವೈಸು ಇವು ಕಾರ್ಖಾನೆ, ತರಬೇತಿ ಶಾಲೆಗಳಿಂದ ಬಂದವು. 1950ರಲ್ಲಿ ಕೇಂದ್ರ ಸರಕಾರ ಕುಶಲಕರ್ಮಿ ತರಬೇತಿ ಯೋಜನೆ ಶುರು ಮಾಡಿದ ಮೇಲೆ ಐಟಿಐಗಳಲ್ಲಿ ಹುಡುಗರು ಇದನ್ನೇ ಕಲಿತರು. ಉದ್ದ ಹಲಗೆಗೆ ರಂದಾ ಹೊಡೆಯುವಾಗ ಎರಡೂ ಕೈ, ಮೈಯ ಭಾರ ಎರಡೂ ಬೇಕು. ಅಲ್ಲಿ ಮೇಜಿನದೇ ಮೇಲುಗೈ.

ಕುಂತು ಮಾಡಲಿ, ನಿಂತು ಮಾಡಲಿ, ಹತಾರದ ಬಾಯಿ ಮಾತ್ರ ಚೂಪಿರಬೇಕು. ಮೊಂಡ ಉಳಿ ಜಾರಿ ಕೈಗೆ ಬೀಳುವುದೇ ಹೆಚ್ಚು. ಕಂಬಾರ ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆದು, ಕಾಸಿ, ನೀರಿಗದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ, ತಿಳಿ ಹುಲ್ಲಿನ ಬಣ್ಣ ಕಂಡಾಗ ನಿಲ್ಲಿಸುತ್ತಾನೆ. ಮುಂದಿನದು ಬಡಿಗನ ಕೆಲಸ. ಮೊದಲು ಉಳಿಯ ಬೆನ್ನು ಸಾಣೆಕಲ್ಲಿನ ಮೇಲೆ ಪೂರ್ತಿ ಸಪಾಟಾಗಬೇಕು. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯ ಓರೆಯಲ್ಲಿ, ನೀರು ಬಿಟ್ಟು, ಕೈ ಏರಿಳಿಯದಂತೆ ಮಸೆಯಬೇಕು. ಬೆನ್ನಿನ ಕಡೆ ಬೆರಳಿಗೆ ಸಣ್ಣ ತರಕು ಹತ್ತಿದರೆ ಬಾಯಿ ಬಂತು ಅಂತ ತಿಳಿಯಬೇಕು. ಬೆನ್ನನ್ನು ಒಮ್ಮೆ ಉಜ್ಜಿ ಆ ತರಕು ತೆಗೆಯಬೇಕು. ಕಲ್ಲಿನ ನಡುವೆ ಗುಂಡಿ ಬಿದ್ದರೆ ಬಾಯಿಯೂ ದುಂಡಗಾಗುತ್ತದೆ. ಹಾಗಾಗಿ ಕಲ್ಲನ್ನೂ ಉಜ್ಜಿ ಸಮ ಮಾಡಬೇಕು. ಕರೆಂಟಿನ ಚಕ್ರಕ್ಕೆ ಒತ್ತಿ ಹಿಡಿದು ಅಂಚು ನೀಲಿಯಾಯಿತೋ, ಕಂಬಾರ ಕೊಟ್ಟ ಹದ ಹೋಯಿತು. ಗರಗಸದ ಹಲ್ಲನ್ನು ಮೂರು ಮೂಲೆಯ ಅರದಿಂದ ತಿಕ್ಕಿ, ಒಂದು ಎಡಕ್ಕೆ ಒಂದು ಬಲಕ್ಕೆ ತುಸು ಬಾಗಿಸಬೇಕು. ಇಲ್ಲದಿದ್ದರೆ ಸೀಳಿನಲ್ಲಿ ಅಲಗು ಸಿಕ್ಕಿಬೀಳುತ್ತದೆ.

ಬಡಿಗ ಕಂಬಾರರ ಜೋಡಿ ಕೆಲಸ ನೋಡಬೇಕಿದ್ದರೆ ಚಕ್ಕಡಿಯ ಗಾಲಿ ನೋಡಬೇಕು. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಸಣ್ಣದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದರು. ಹಳಿ ತಣಿದು ಕುಗ್ಗುತ್ತಾ ಕಟ್ಟಿಗೆಯ ಬೆಸುಗೆಗಳನ್ನೆಲ್ಲ ಬಿಗಿದುಕೊಳ್ಳುತ್ತಿತ್ತು.

ಈ ಕಸುಬು ಒಂದೇ ದಿನಕ್ಕೆ ಇಳಿಯಲಿಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾದೀತೆಂದು ರೈತರು ಮೊದಮೊದಲು ಹಿಂಜರಿದರೆಂದು ಹೇಳುತ್ತಾರೆ. 1910ರಲ್ಲಿ ಅವರ ಕಾರ್ಖಾನೆ ಈಗಿನ ಕಿರ್ಲೋಸ್ಕರವಾಡಿಗೆ ಹೋಯಿತು. ಕಬ್ಬಿಣದ ನೇಗಿಲು ಮಾತ್ರ ಎಲ್ಲ ಕಡೆ ನಿಂತಿತು. ಆಮೇಲೆ ಟಾಯರಿನ ಗಾಡಿ, ಟ್ರ್ಯಾಕ್ಟರು, ಪ್ಲೈವುಡ್ಡು, ಉಕ್ಕಿನ ಕಿಟಕಿ ಬಂದವು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1996ರ ಡಿಸೆಂಬರಿನ ಸರ್ವೋಚ್ಚ ನ್ಯಾಯಾಲಯದ ಆದೇಶ ಇವುಗಳಿಂದ ಅಡವಿಗೆ ಕಾವಲು ಬಂತು. ಅಡವಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡವಿಯ ಮಗ್ಗುಲಲ್ಲೇ ಇದ್ದ ಬಡಿಗನಿಗೆ ಒಂದು ತುಂಡು ಕಟ್ಟಿಗೆಯೂ ತುಟ್ಟಿಯಾಯಿತು.

ಈಗ ನಮ್ಮ ಮುಂದಿರುವುದು ಕೈಯ ವಿದ್ಯೆಯ ಪ್ರಶ್ನೆ. ಹತಾರ ಹಿಡಿಯುವವನು ಹೋದರೆ ಅವನ ಕೈ ಕಲಿತದ್ದೂ ಹೋಗುತ್ತದೆ, ಅದು ಪುಸ್ತಕದಿಂದ ಮರಳಿ ಬರುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಹತಾರಕ್ಕೆ 15,000 ರೂಪಾಯಿ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಎಂದು ಅದರಲ್ಲಿ ಹೇಳಿದೆ. ಅರ್ಜಿ ಬರೆಯಲು ಬಾರದ ನಮ್ಮ ಬಾಂಧವರಿಗೆ ಸಂಘದ ಕಚೇರಿ ಒಂದು ತಾಸು ಕೊಟ್ಟರೆ ಅದೇ ದೊಡ್ಡ ಉಪಕಾರ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಅಟ್ಟದ ಮೇಲೆ ತುಕ್ಕು ಹಿಡಿದ ಬಾಚಿ, ಬೈರಿಗೆ, ಕೂರಿಗೆಯ ತಾಳು ಇದ್ದರೆ ಗುಜರಿಗೆ ಹಾಕಬೇಡಿರಿ. ಸಂಘದ ಕಟ್ಟಡಕ್ಕೆ ತಂದುಕೊಡಿರಿ. ಅವುಗಳ ಹೆಸರನ್ನೂ ಉಪಯೋಗವನ್ನೂ ಹಿರಿಯರಿಂದ ಕೇಳಿ ಬರೆದಿಡೋಣ. ರಜೆಯಲ್ಲಿ ನಾಲ್ಕು ಹುಡುಗರನ್ನು, ಯಾವ ಜಾತಿಯವರೇ ಇರಲಿ, ಒಬ್ಬ ಹಿರಿಯ ಬಡಿಗನ ಹತ್ತಿರ ಕೂಡಿಸೋಣ. ಮೊದಲ ದಿನ ಉಳಿ ಮಸೆಯುವುದನ್ನು ಕಲಿತರೂ ಸಾಕು.