ಕಪ್ಪು ದಾರದಿಂದ ಬಿಲ್ಲೆಯವರೆಗೆ

ಯಂತ್ರಕ್ಕೆ ಜಾತಿ ಗೊತ್ತಿಲ್ಲ ಅಂತ ನಮ್ಮಲ್ಲೇ ಅನೇಕರು ನಂಬುತ್ತಾರೆ. ಈ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ಹೆಸರು, ಊರು, ಕೇರಿ ಕೇಳುವವನಿಗಿಂತ ಯಂತ್ರ ವಾಸಿ ಅನ್ನಿಸೋದು ಸಹಜ. ಆದರೆ ಕಟ್ಟಡದೊಳಗೆ ಯಾರು ಎಲ್ಲಿದ್ದಾರೆಂದು ಪತ್ತೆಹಚ್ಚುವ ತಂತ್ರದ ಚರಿತ್ರೆಯನ್ನು ಕೇರಿಯ ಕಡೆಯಿಂದ ಓದಿದರೆ ಬೇರೆಯೇ ಪ್ರಶ್ನೆ ಏಳುತ್ತದೆ.

ತಂತ್ರಜ್ಞರು ಈ ಚರಿತ್ರೆಯನ್ನು ಹೆಚ್ಚಾಗಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಶುರುಮಾಡುತ್ತಾರೆ. ಅಲ್ಲಿನ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1989ರಿಂದ 1992ರ ನಡುವೆ 'ಆಕ್ಟಿವ್ ಬ್ಯಾಡ್ಜ್' ರೂಪುಗೊಂಡಿತು. ಅಂಗಿಗೆ ಸಿಕ್ಕಿಸಿಕೊಂಡ ಬಿಲ್ಲೆ ಸುಮಾರು 15 ಸೆಕೆಂಡಿಗೊಮ್ಮೆ ಇನ್‌ಫ್ರಾರೆಡ್ ಕಿರಣದಲ್ಲಿ ತನ್ನ ಗುರುತು ಹೇಳುತ್ತಿತ್ತು. ಆ ಕಿರಣ ಗೋಡೆ ದಾಟದು. ಹಾಗಾಗಿ ಯಾವ ಕೋಣೆಯ ಸೆನ್ಸರ್ ಅದನ್ನು ಹಿಡಿಯಿತೋ ಆಸಾಮಿ ಅಲ್ಲೇ ಇದ್ದಾನೆ ಅಂತ ಲೆಕ್ಕ. ಮೊದಲ ಉಪಯೋಗ ಸಾಧಾರಣದ್ದು: ಫೋನ್ ಕರೆಯನ್ನು ಆತನಿರುವ ಕೋಣೆಗೇ ಕಳಿಸೋದು. 1991ರಲ್ಲಿ ಗಣಕವಿಜ್ಞಾನಿ ಮಾರ್ಕ್ ವೈಸರ್ ಸರಿಯಾದ ಬಿಲ್ಲೆ ತೊಟ್ಟವರಿಗಷ್ಟೇ ತೆರೆಯುವ ಬಾಗಿಲುಗಳ ಬಗ್ಗೆ ಬರೆದರು. ಆಮೇಲೆ ವೈಫೈ, ಬ್ಲೂಟೂತ್ ಬಳಸುವ ವಿಧಾನಗಳೂ ಬಂದವು.

ಸರಿಯಾದವರು ಅಂದರೆ ಯಾರು? ಈ ಪ್ರಶ್ನೆಗೆ ನಮ್ಮ ನೆಲ ಬಹಳ ಹಿಂದೆಯೇ ಉತ್ತರ ಬರೆದಿಟ್ಟಿತ್ತು. ಪೇಶ್ವೆಗಳ ಆಳ್ವಿಕೆಯಲ್ಲಿ ಅಸ್ಪೃಶ್ಯರು ಗುರುತಿಗಾಗಿ ಮಣಿಕಟ್ಟಿಗೋ ಕೊರಳಿಗೋ ಕಪ್ಪು ದಾರ ಕಟ್ಟಿಕೊಳ್ಳಬೇಕಿತ್ತೆಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಬ್ಯಾಟರಿ ಬೇಡದ ಬಿಲ್ಲೆ ಅದು. ನಾಸಿಕದ ಕಾಳಾರಾಮ ದೇವಾಲಯದೆದುರು 1930ರ ಮಾರ್ಚ್ 2ರಂದು ಸತ್ಯಾಗ್ರಹಿಗಳು ಬಂದಾಗ ಬಾಗಿಲು ಮುಚ್ಚಿತು. ಆ ಬಾಗಿಲಿಗೆ ಯಂತ್ರವಿರಲಿಲ್ಲ, ಪಟ್ಟಿಯಿತ್ತು. ಬರವಣಿಗೆಯೇ ಬೇಕಿಲ್ಲದ ಪಟ್ಟಿ.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕೇಂಬ್ರಿಜ್‌ನ ಸಂಶೋಧಕ ಬೇಡವೆನಿಸಿದಾಗ ಬಿಲ್ಲೆಯನ್ನು ತೆಗೆದು ಮೇಜಿನ ಡ್ರಾಯರಿಗೆ ಹಾಕಬಹುದಿತ್ತು. ಕಪ್ಪು ದಾರ ತೊಟ್ಟವನಿಗೆ ಆ ಡ್ರಾಯರ್ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆ ಈ ಅಂತರದಲ್ಲಿದೆ. ಕಳಚಿಡುವ ಹಕ್ಕು ಇದ್ದವನಿಗೆ ಅದು ಸೌಕರ್ಯ, ಇಲ್ಲದವನಿಗೆ ಕಾವಲು.

ಈಗ ಕಟ್ಟಡದಿಂದ ಬೀದಿಗೆ ಬನ್ನಿ. ಗೋಡೆಯೊಳಗೆ ಜಿಪಿಎಸ್ ಸರಿಯಾಗಿ ಸಿಗದು, ಬಯಲಲ್ಲಿ ಸಿಗುತ್ತದೆ. 2020ರಲ್ಲಿ ಚಂಡೀಗಢದ ಪೌರಕಾರ್ಮಿಕರು ತಮ್ಮ ಮಣಿಕಟ್ಟಿಗೆ ಬಂದ ಜಿಪಿಎಸ್ ಗಡಿಯಾರದ ವಿರುದ್ಧ ಪ್ರತಿಭಟಿಸಿದರು. ಕಸ ಗುಡಿಸುವ ಕೈಗಳು ಯಾವ ಜನರವು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಮಣಿಕಟ್ಟು ಮತ್ತೆ ಅದೇ ಮಣಿಕಟ್ಟು.

ಯಂತ್ರಕ್ಕೆ ಜಾತಿ ಗೊತ್ತಿಲ್ಲ, ನಿಜ. ಪಟ್ಟಿ ಬರೆದುಕೊಡುವವರಿಗೆ ಗೊತ್ತಿರುತ್ತದೆ. ಆದ್ದರಿಂದ ಗೆಳೆಯರೆ, ಸಂಬಳ, ಕೈಗವಸುಗಳ ಜೊತೆ ಇವನ್ನೂ ನಮ್ಮ ಬೇಡಿಕೆಗಳಿಗೆ ಸೇರಿಸೋಣ: ಪಟ್ಟಿ ಬರೆಯುವವರು ಯಾರು? ತನ್ನ ಓಡಾಟದ ದಾಖಲೆಯನ್ನು ಕಾರ್ಮಿಕಳು ತಾನೇ ನೋಡಬಹುದೆ? ಕೆಲಸ ಮುಗಿದ ಮೇಲೆ ಅದನ್ನು ಕಳಚಿಡಬಹುದೆ?