ಹತ್ತು ಜನರ ಲೆಕ್ಕಪುಸ್ತಕ

ಬ್ಯಾಂಕಿನ ಹಂಗಿಲ್ಲದೆ ಜನಸಾಮಾನ್ಯರೇ ಲೆಕ್ಕ ಕಾಯುವ ಹಣಜಾಲ 2009ರಲ್ಲಿ ಬಿಟ್‌ಕಾಯಿನ್ ಜೊತೆಗೇ ಹುಟ್ಟಿತು ಎಂಬ ಮಾತನ್ನು ನಮ್ಮ ಸೀಮೆಯವರು ಒಪ್ಪಬೇಕಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಡಿ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದಿತ್ತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಅದನ್ನು ಮಾಡಿ ತೋರಿಸಿದರು. ನಮ್ಮ ಬೀಳಗಿ, ಜಮಖಂಡಿ, ಮುಧೋಳದ ಸೀಮೆಯಲ್ಲಿ ಕಾಯ್ದೆ ನೇರವಾಗಿ ಅನ್ವಯಿಸಿದ್ದು ಬ್ರಿಟಿಷರ ಕೈಲಿದ್ದ ಬೀಳಗಿಗೆ. ಜಮಖಂಡಿ, ಮುಧೋಳ ಆಗ ಸ್ವತಃ ಸಂಸ್ಥಾನಗಳು, ಬ್ರಿಟಿಷ್ ಕಾಯ್ದೆ ಅಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಬನಹಟ್ಟಿ ಜಮಖಂಡಿಯದು, ಪಕ್ಕದ ರಬಕವಿ ಸಾಂಗಲಿಯದು. ಒಂದೇ ನೇಯ್ಗೆಯ ಜೋಡಿ ಊರುಗಳಿಗೆ ಇಬ್ಬರು ದೊರೆಗಳು! 1912ರ ಕಾಯ್ದೆ ಸಾಲದಾಚೆಗೂ ಬಾಗಿಲು ತೆರೆದದ್ದರಿಂದ, ನೂಲು ಕೊಳ್ಳಲು, ಸೀರೆ ಮಾರಲು ಬ್ರಿಟಿಷ್ ಆಡಳಿತದ ಊರುಗಳ ನೇಕಾರರ ಸಂಘಗಳಿಗೆ ಕಾನೂನಿನ ದಾರಿ ಸಿಕ್ಕಿತು.

ಸಂಘಗಳನ್ನು ಊರ ಬಲಾಢ್ಯರು ನುಂಗಿದರು, ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಲೆಕ್ಕವಾದರೆ ಯಾರೂ ತಿದ್ದಲಾಗದ್ದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಾಧಾರಣ ಕಂಪ್ಯೂಟರಿನಲ್ಲೇ ನೋಡ್, ಅಂದರೆ ಜಾಲದ ಲೆಕ್ಕ ತಾಳೆ ನೋಡುವ ತಂತ್ರಾಂಶ, ನಡೆಸಿ ಪ್ರತಿ ವಹಿವಾಟನ್ನೂ ಯಾರು ಬೇಕಾದರೂ ಪರೀಕ್ಷಿಸಬಹುದು. ಅಷ್ಟು ಪಾರದರ್ಶಕತೆ ಯಾವ ಸೊಸೈಟಿಯಲ್ಲೂ ಇರಲಿಲ್ಲ. ಆದರೆ ಹೊಸ ನಾಣ್ಯ ಗಳಿಸುವ ಮೈನಿಂಗ್ ಈಗ ದುಬಾರಿ ಯಂತ್ರ, ಅಗ್ಗದ ವಿದ್ಯುತ್ ಇದ್ದವರ ಪಾಲು. ಬೇರೆ ಕೆಲವು ಕ್ರಿಪ್ಟೋ ಜಾಲಗಳಲ್ಲಿ ನಾಣ್ಯ ಒತ್ತೆಯಿಟ್ಟು ಲೆಕ್ಕ ಕಾಯುವ ಸ್ಟೇಕಿಂಗ್‌ನಲ್ಲಿ ಹೆಚ್ಚು ಇಟ್ಟವನಿಗೇ ಹೆಚ್ಚು ತೂಕ. ಸಹಕಾರದ ತತ್ವದಲ್ಲಿ ಒಂದು ಮಗ್ಗದವನಿಗೂ ಹತ್ತು ಮಗ್ಗದವನಿಗೂ ಒಂದೇ ಮತ. ಆ ಮತವನ್ನು ಕಸಿದವರಿದ್ದರು, ನಿಜ. ಕ್ರಿಪ್ಟೋ ಜಾಲದಲ್ಲಿ ಕಸಿಯಲು ಅಂಥ ಮತವೇ ಇಲ್ಲ.