ಚೈತ್ರದಲ್ಲಿ ಹುತ್ರಿದುರ್ಗ

ಯುಗಾದಿ ಕಳೆದ ಮೇಲೆ ಬೆಟ್ಟ ಹತ್ತುವವರು ಕಡಿಮೆ. ಬಿಸಿಲು ಜೋರು, ಮೇಲೆ ನೀರಿಲ್ಲ, ಹುಲ್ಲೆಲ್ಲ ಒಣಗಿ ಹೋಗಿರುತ್ತದೆ ಎನ್ನುತ್ತಾರೆ. ಮೂರೂ ನಿಜವೇ. ಆದರೂ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನು ನೋಡುವುದಿದ್ದರೆ ಚೈತ್ರದಲ್ಲೇ ನೋಡಬೇಕು ಎಂದು ನಾನು ಹೇಳುತ್ತೇನೆ. ಮಳೆಗಾಲದಲ್ಲಿ ಹುಲ್ಲು, ಪೊದೆ, ಬಳ್ಳಿ ಎಲ್ಲ ಸೇರಿ ಕೋಟೆಯನ್ನು ಮುಚ್ಚಿಬಿಡುತ್ತವೆ. ಕುರುಚಲು ಗಿಡಗಳು ಎಲೆ ಉದುರಿಸಿ, ಹುಲ್ಲು ನೆಲ ಕಚ್ಚಿದ ಮೇಲೆ ಗೋಡೆಯ ಸಾಲು ಎಲ್ಲಿಂದ ಹೊರಟು ಯಾವ ಬಂಡೆಗೆ ಹೋಗಿ ಸೇರುತ್ತದೆ ಎಂಬುದು ಬುಡದಿಂದಲೇ ಕಾಣುತ್ತದೆ.

ಬೆಂಗಳೂರಿನಿಂದ ಮಾಗಡಿ ದಾಟಿ ಕುಣಿಗಲ್ ಕಡೆಗೆ ಹೋದರೆ ಸುಮಾರು 65-70 ಕಿಲೋಮೀಟರ್ ದೂರ. ಸಮುದ್ರ ಮಟ್ಟದಿಂದ 3,708 ಅಡಿ ಎತ್ತರದ ಬೆಟ್ಟ ಇದು. ಅದೇ ಸೀಮೆಯ ಸಾವನದುರ್ಗಕ್ಕೆ, ಶಿವಗಂಗೆಗೆ ಜನ ಸಾಲುಗಟ್ಟಿ ಹೋಗುತ್ತಾರೆ. ಇಲ್ಲಿಗೆ ಬರುವವರು ವಿರಳ. ಬೆಟ್ಟದ ಬುಡದಲ್ಲಿರುವ ಊರು ಸಂತೆಪೇಟೆ. ಮೇಲೆ ಪಾಳೆಯಗಾರನ ಕೋಟೆ, ಕೆಳಗೆ ವ್ಯಾಪಾರಿಗಳೂ ಕಸುಬುದಾರರೂ ರೈತರೂ ಇರುವ ಪೇಟೆ ಎಂಬುದು ಹಳೆ ಮೈಸೂರು ಸೀಮೆಯ ದುರ್ಗಗಳ ವಾಡಿಕೆ. ಇಲ್ಲೂ ಹಾಗೆಯೇ. ಬೆಟ್ಟ ಹತ್ತುವ ದಾರಿ ಊರೊಳಗಿಂದಲೇ ಶುರುವಾಗುತ್ತದೆ. ಜಗಲಿಯಲ್ಲಿ ಕೂತ ಹಿರಿಯರು ಯಾರಾದರೂ "ಒತ್ತಾರೆನೇ ಹತ್ಬಿಟ್ಟು ಬಿಸ್ಲೇರೋ ಹೊತ್ಗೆ ಇಳ್ಕೊಂಡ್ ಬಂದ್ಬಿಡಿ ಸ್ವಾಮಿ" ಎಂದರೆ, ಅದಕ್ಕಿಂತ ಒಳ್ಳೆಯ ಸಲಹೆಯನ್ನು ಯಾವ ಚಾರಣದ ಪುಸ್ತಕವೂ ಕೊಡಲಾರದು.

ಕೋಟೆಯನ್ನು ಕಟ್ಟಿಸಿದ್ದು ಮಾಗಡಿ ಕೆಂಪೇಗೌಡರ ಮನೆತನ. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದ ಯಲಹಂಕ ನಾಡಪ್ರಭುಗಳ ವಂಶವೇ ಇದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಬೆಂಗಳೂರನ್ನು ಕಸಿದುಕೊಂಡ ಮೇಲೆ ಮನೆತನದ ಆಳ್ವಿಕೆ ಮಾಗಡಿಗೆ ಸರಿಯಿತು. ಬಯಲಿನ ಊರು ಕೈಬಿಟ್ಟವರಿಗೆ ಬೆಟ್ಟಗಳೇ ಗತಿ. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ ಇವೆಲ್ಲ ಒಂದರಿಂದ ಒಂದಕ್ಕೆ ಕಣ್ಣಳತೆಯಲ್ಲಿರುವಂಥವು. ಮಾರ್ಚ್ ಕೊನೆಯ ಬೆಳಗಿನಲ್ಲಿ, ಧೂಳು ಏಳುವುದಕ್ಕೆ ಮುಂಚೆ ತುದಿಯಲ್ಲಿ ನಿಂತರೆ ಈ ಮಾತು ತಾನಾಗಿ ಮನದಟ್ಟಾಗುತ್ತದೆ. ಒಂದು ಬೆಟ್ಟದಲ್ಲಿ ಹೊಗೆ ಎದ್ದರೆ ಇನ್ನೊಂದರಲ್ಲಿ ಕಾಣುವಷ್ಟು ಅಂತರ ಅವುಗಳ ನಡುವೆ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಗೆದ್ದು ಕೊನೆಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ದುರ್ಗಗಳು ಮೈಸೂರಿನ ಪಾಲಾದವು. ಮುಂದೆ ಹೈದರಾಲಿ, ಟಿಪ್ಪು ಕೈಗೆ ಬಂದವು.

ಊರಿನವರ ಬಾಯಲ್ಲಿ ಇದು ಏಳು ಸುತ್ತಿನ ಕೋಟೆ. ಸುತ್ತುಗಳನ್ನು ಲೆಕ್ಕ ಹಾಕಲು ಹೋದರೆ ಎಲೆ ಉದುರಿದ ಈ ಕಾಲದಲ್ಲೂ ಗೊಂದಲವಾಗುತ್ತದೆ, ಏಕೆಂದರೆ ಕಟ್ಟಿದವರು ಬಂಡೆಯನ್ನೇ ಗೋಡೆಯಾಗಿ ಎಣಿಸಿಕೊಂಡಿದ್ದಾರೆ. ಕಡಿದಾದ ಕಡೆ ಏನೂ ಕಟ್ಟಿಲ್ಲ. ಎರಡು ಬಂಡೆಗಳ ನಡುವೆ ಆಳು ನುಗ್ಗುವಷ್ಟು ಜಾಗವಿದ್ದಲ್ಲಿ ಮಾತ್ರ ದಪ್ಪ ಕಲ್ಲುಗಳನ್ನು ಪೇರಿಸಿ ಮುಚ್ಚಿದ್ದಾರೆ. ಬಾಗಿಲುಗಳನ್ನು ನೇರಕ್ಕೆ ಇಟ್ಟಿಲ್ಲ. ಒಳಹೊಕ್ಕವನು ತಿರುಗಬೇಕು, ತಿರುಗುವಾಗ ಮೇಲಿನವರ ಕಣ್ಣಿಗೆ ಬೀಳಬೇಕು. ಹತ್ತುತ್ತ ಹತ್ತುತ್ತ ಒಂದಾದ ಮೇಲೊಂದು ಬಾಗಿಲು. ಕೆಲವಕ್ಕೆ ಚೌಕಟ್ಟು ಮಾತ್ರ ಉಳಿದಿದೆ. ಅವುಗಳ ನೆರಳಲ್ಲಿ ಕೂತು ದಣಿವಾರಿಸಿಕೊಳ್ಳಿ. ಚೈತ್ರದಲ್ಲಿ ಈ ದಾರಿಯಲ್ಲಿ ನಂಬಬಹುದಾದ ನೆರಳು ಕೋಟೆ ಬಾಗಿಲಿನದೇ.

ಕೆಳಗಿನ ಅರ್ಧ ದಾರಿ ಮೆಟ್ಟಿಲು, ಮಣ್ಣು, ಪೊದೆ. ಮುತ್ತುಗದ ಹೂ ಅಷ್ಟು ಹೊತ್ತಿಗೆ ಉದುರುತ್ತಿರುತ್ತದೆ. ಹೊಂಗೆ, ಬೇವು ಹೂ ಬಿಡುವ ಹೊತ್ತು. ಅರಳಿಯ ಚಿಗುರು ತಾಮ್ರದ ಬಣ್ಣದಲ್ಲಿರುತ್ತದೆ. ಹೊಂಗೆಯ ಹೂವಿಗೆ ಜೇನು ಮುತ್ತುವುದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಈ ಸೀಮೆಯ ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಕಟ್ಟುತ್ತದೆ. ಸೆಂಟು ಪೂಸಿಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ, ಕಲ್ಲು ಎಸೆಯಬೇಡಿ. ಜೇನು ಎದ್ದರೆ ಬಂಡೆಯ ಮೇಲೆ ಓಡಲು ಜಾಗವಿಲ್ಲ. ಬೀಡಿಯ ಮಾತಿಗೆ ಇನ್ನೊಂದು ಕಾರಣವೂ ಉಂಟು: ಒಣಗಿದ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಮಗ್ಗುಲು ಗಂಟೆಯೊಳಗೆ ಕಪ್ಪಾಗುತ್ತದೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೂ ದನ ಮೇಯಿಸುವವರಿಗೂ ಅದು ನಷ್ಟವೇ. ಕುಣಿಗಲ್, ಮಾಗಡಿ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬೆಳಕು ಹರಿದ ಮೇಲೆ ಹೊರಡಿ, ಒಂಟಿಯಾಗಿ ಹೋಗಬೇಡಿ, ಗವಿಗಳಿಗೆ ಇಣುಕಬೇಡಿ.

ಮೇಲಿನ ಅರ್ಧ ಬರೀ ಬಂಡೆ. ಬಿಸಿಲಿಗೆ ಕಾದು ರಾತ್ರಿ ತಣಿದು, ಯುಗಯುಗಗಳಿಂದ ಹೀಗೇ ಆಗಿ, ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಬೆಂಗಳೂರು ಸುತ್ತಿನ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದುದು ಇದೇ ಗುಣವನ್ನು ನಂಬಿ. ನಡೆಯುವವನಿಗೆ ಮಾತ್ರ ಸಡಿಲ ಚಕ್ಕೆಗಳು ಅಪಾಯ. ಕಾಲಡಿ ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಆದರೂ ಒಣ ಬಂಡೆಯ ಹಿಡಿತ ಪಾಚಿಗಟ್ಟಿದ ಮಳೆಗಾಲದ ಬಂಡೆಗಿಂತ ಎಷ್ಟೋ ಮೇಲು. ಒಳ್ಳೆಯ ಅಟ್ಟೆಯ ಬೂಟು ಸಾಕು. ಬೆಳಗ್ಗೆ ಆರೂಕಾಲು ಆರೂವರೆಗೆ ಹೊರಟರೆ ನಿಧಾನವಾಗಿ ಹತ್ತಿದರೂ ಬಂಡೆ ಕಾಯುವ ಮೊದಲೇ ತುದಿ ಸೇರಬಹುದು. ಹತ್ತು ಗಂಟೆ ದಾಟಿದ ಮೇಲೆ ಬಂಡೆಯ ಕಾವು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ನೆತ್ತಿಯ ಬಿಸಿಲಿಗೆ ಟೋಪಿ ಉಂಟು, ಇದಕ್ಕೆ ಏನೂ ಇಲ್ಲ.

ನೀರು ಇಲ್ಲಿನ ದೊಡ್ಡ ಪ್ರಶ್ನೆ, ಕೋಟೆಯ ಕಾಲದಿಂದಲೂ. ಬೆಟ್ಟದ ಮೇಲೆ ನದಿಯಿಲ್ಲ. ದುರ್ಗದಲ್ಲಿ ಕಾವಲಿದ್ದವರು ಬದುಕಿದ್ದು ಬಂಡೆಯ ತಗ್ಗುಗಳಲ್ಲಿ ನಿಲ್ಲುವ ದೊಣೆ ನೀರಿನಿಂದ. ಕಾರ್ತಿಕದಲ್ಲಿ ತುಂಬಿದ ದೊಣೆ ಚೈತ್ರಕ್ಕೆ ತಳ ಕಂಡು, ಉಳಿದ ನೀರು ಹಸಿರುಗಟ್ಟಿರುತ್ತದೆ. ಕುಡಿಯಲು ಬರುವಂಥದ್ದಲ್ಲ. ಒಬ್ಬೊಬ್ಬರು ಮೂರು ಲೀಟರ್ ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ. ಒಣಗಿದ ದೊಣೆಯ ಅಂಚಿನಲ್ಲಿ ನಿಂತಾಗ ನನಗೆ ಕೋಟೆಯ ಬಲದ ಜೊತೆಗೆ ಅದರ ಬಲಹೀನತೆಯೂ ಅರ್ಥವಾಯಿತು. ಎಷ್ಟು ಸುತ್ತು ಗೋಡೆ ಕಟ್ಟಿದರೂ ಒಳಗಿನ ಜನ ಎಷ್ಟು ದಿನ ತಡೆಯಬಲ್ಲರು ಎಂಬುದನ್ನು ಹಿಂದಿನ ವರ್ಷದ ಮಳೆ ತೀರ್ಮಾನಿಸುತ್ತಿತ್ತು.

ಈ ಕೋಟೆ ಬಿದ್ದದ್ದು ನೀರಿಗೆ ಬರ ಬಂದಲ್ಲ ಎಂಬುದೂ ನಿಜ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿ, ಮೇವಿಲ್ಲದೆ ದನಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಹಿಂತಿರುಗಿದ್ದ. ಮತ್ತೆ ಹೋಗುವ ಮೊದಲು ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಸರಕು ಸಾಗುವ ದಾರಿಯನ್ನು ಕಾಯುವ ದುರ್ಗಗಳನ್ನೆಲ್ಲ ತೆಗೆದುಕೊಳ್ಳಲೇಬೇಕಾಯಿತು. ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಅದು ಬಿದ್ದ ಸುದ್ದಿಗೆ ಸುತ್ತಲ ದುರ್ಗಗಳ ಧೈರ್ಯ ಕುಸಿಯಿತು; ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಇಂಗ್ಲಿಷರ ಕೈಸೇರಿತು. ಆ ಸೇನೆಯ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ಸೀಮೆಯ ದುರ್ಗಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿ ಹೊರತಂದ. ಕೋಟೆಯೊಳಗೆ ನಿಂತು ಕಾದವರ ಹೆಸರುಗಳನ್ನು ಊರಿನಲ್ಲಿ ಯಾರೂ ಕಲ್ಲಿನ ಮೇಲೆ ಬರೆಸಲಿಲ್ಲ. ಇದು ನನ್ನನ್ನು ಕಾಡುವ ಸಂಗತಿ.

ತುದಿಯಲ್ಲಿ ಶಂಕರೇಶ್ವರನ ಪುಟ್ಟ ಗುಡಿ, ಎದುರಿಗೆ ನಂದಿ. ಕೆಳಗೆ ನೋಡಿದರೆ ರಾಗಿ ಕೊಯ್ದು ಖಾಲಿಯಾದ ಹೊಲಗಳು, ತೆಂಗಿನ ತೋಟಗಳ ಗುಂಪು, ಅಲ್ಲಲ್ಲಿ ನೀರು ಬತ್ತಿದ ಕೆರೆಯಂಗಳ. ಯುಗಾದಿಯಲ್ಲಿ ಹೊನ್ನಾರು ಕಟ್ಟಿ ಒಂದೆರಡು ಸಾಲು ಹೊಡೆದ ಗುರುತು ಕೆಲವು ಹೊಲಗಳಲ್ಲಿ ಇನ್ನೂ ಇರುತ್ತದೆ. ಮೊದಲ ಮಳೆ ಬೀಳುವವರೆಗೆ ರೈತರಿಗೆ ಒಂದಿಷ್ಟು ಬಿಡುವು. ಊರಿನವರ ಜೊತೆ ಕೂತು ಮಾತಾಡಲು ಇದೇ ಸಮಯ.

ಆ ಬಿಡುವು ಬಹಳ ದಿನ ಇರದು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ಕೊನೆಯಲ್ಲಿ ಭರಣಿ. ಮಧ್ಯಾಹ್ನ ಧಗೆ, ಸಂಜೆ ಗುಡುಗು, ಗಾಳಿ, ಕೆಲವೊಮ್ಮೆ ಆಲಿಕಲ್ಲು. ಬೋಳು ಬಂಡೆಯ ಮೇಲೆ ಸುತ್ತಲಿನ ಅತಿ ಎತ್ತರದ ವಸ್ತು ನಿಂತ ಮನುಷ್ಯನೇ ಆಗಿರುವುದರಿಂದ, ಮೋಡ ಕಟ್ಟುತ್ತಿದ್ದಂತೆ ಇಳಿದುಬಿಡಬೇಕು. ಗುಡಿಯಲ್ಲಿ ನಿಂತರಾಯಿತು ಎಂದುಕೊಳ್ಳಬಾರದು. ಎರಡು ಹದ ಮಳೆ ಬಿದ್ದರೆ ಹುಲ್ಲು ಚಿಗುರುತ್ತದೆ, ಗೋಡೆಯ ಸಾಲು ಮಸುಕಾಗುತ್ತದೆ, ಸಂತೆಪೇಟೆಯವರೆಲ್ಲ ಹೊಲದಲ್ಲಿರುತ್ತಾರೆ. ಹೋಗುವವರು ಭರಣಿಗೆ ಮುಂಚೆ ಹೋಗಿ ಬನ್ನಿ.